ಸ್ವತಂತ್ರ ತಂತ್ರಾಂಶ ಮತ್ತು ಪರರ ಸರ್ವರ್

ಇತ್ತೀಚಿನ ವರ್ಷಗಳಲ್ಲಿ ಕನ್ನಡನಾಡಿನ ಹಳ್ಳಿಹಳ್ಳಿಗಳಲ್ಲಿಯೂ ರೂಢಿಗೆ ಬಂದಿರುವ, ಆದರೆ ಅರ್ಥವು ಇನ್ನೂ ನಿಷ್ಕೃಷ್ಟವಾಗದಿರುವ ಅನ್ಯದೇಶ್ಯ ಶಬ್ದಗಳಲ್ಲಿ ‘ಸರ್ವರ್’ ಎಂಬುದೂ ಒಂದು. ನ್ಯಾಯಬೆಲೆ ಅಂಗಡಿಯ ಮುಂದೆ ಪಡಿತರಕ್ಕಾಗಿ ನಿಂತವರೂ ನಾಡಕಚೇರಿಯಲ್ಲಿ ಪಹಣಿಗಾಗಿ ಕಾದವರೂ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಮಾತನ್ನು ಒಮ್ಮೆಯಾದರೂ ಕೇಳಿರುತ್ತಾರೆ. ಅಲ್ಲಿ ಅಕ್ಕಿಯ ಮೂಟೆ ಕಣ್ಣೆದುರಿಗೇ ಇರುತ್ತದೆ, ತೂಗುವ ಯಂತ್ರವಿರುತ್ತದೆ, ತೂಗಿಕೊಡುವ ಕೈಯಿರುತ್ತದೆ, ಪಡೆಯುವವನಿಗೆ ಹಕ್ಕೂ ಇರುತ್ತದೆ. ಆದರೂ ಎಲ್ಲಿಯೋ ದೂರದಲ್ಲಿರುವ, ಯಾರೂ ಕಂಡಿರದ ಒಂದು ಗಣಕಯಂತ್ರವು ‘ಹೂಂ’ ಎನ್ನದಿದ್ದರೆ ಆ ಎಲ್ಲವೂ ನಿಷ್ಕ್ರಿಯ. ಕೇಳಿದವರಿಗೆ ಕೇಳಿದುದನ್ನು ಒದಗಿಸಿಕೊಡುವ ಇಂತಹ ದೂರದ ಯಂತ್ರಕ್ಕೆ ಸರ್ವರ್ ಎಂದು ಹೆಸರು. ಹೆಸರಿನ ಅರ್ಥ ಸೇವಕನೆಂದು. ಆದರೆ ಅನೇಕ ವೇಳೆ ಅದು ನಡೆದುಕೊಳ್ಳುವುದು ಒಡೆಯನಂತೆ.

ಪ್ರಕೃತ ಲೇಖನದ ವಿಷಯವು ಈ ಸಂಗತಿಯ ಒಂದು ವಿಶೇಷ ಮುಖ. ‘ಸ್ವತಂತ್ರ ತಂತ್ರಾಂಶ’ ಎಂಬ ಹೆಸರಿನಲ್ಲಿ ಲೋಕಕ್ಕೆ ಮುಕ್ತವಾಗಿ ನೀಡಲ್ಪಡುವ ಆ್ಯಪ್‌ಗಳು, ತಮ್ಮ ಕಾರ್ಯನಿರ್ವಹಣೆಗೆ ಬೇರೊಬ್ಬರ ಒಡೆತನದ, ಒಳಗಿನ ವ್ಯವಹಾರವನ್ನು ತಿಳಿಯಗೊಡದ ಸರ್ವರುಗಳನ್ನು ಆಶ್ರಯಿಸಬಹುದೆ? ಆಶ್ರಯಿಸಿದ ಮೇಲೂ ಅವುಗಳಿಗೆ ಸ್ವತಂತ್ರವೆಂಬ ವಿಶೇಷಣ ಸಲ್ಲುವುದೆ? ಮೇಲ್ನೋಟಕ್ಕೆ ಇದು ಯಂತ್ರಶಾಸ್ತ್ರಜ್ಞರ ಪ್ರಶ್ನೆಯಂತೆ ತೋರಬಹುದು. ವಿಚಾರಿಸಿ ನೋಡಿದರೆ ಇದು ಮೂಲತಃ ಕರ್ತೃತ್ವದ ಪ್ರಶ್ನೆ. ಕರ್ತೃವಿನ ವಿಚಾರವು ವ್ಯಾಕರಣವನ್ನು ಓದಿದವನಿಗೆ ತೀರ ಅಪರಿಚಿತವಾದುದಲ್ಲ. ಆ ಧೈರ್ಯದಿಂದ ಈ ವಿವೇಚನೆಗೆ ತೊಡಗಿದ್ದೇನೆ.

ಸ್ವಾತಂತ್ರ್ಯದ ಲಕ್ಷಣ

‘ಸ್ವ’ ಎಂದರೆ ತಾನು; ‘ತಂತ್ರ’ ಎಂದರೆ ಪ್ರಧಾನವಾದುದು, ನಡೆಸುವ ಶಕ್ತಿ. ನಡೆಸುವ ಶಕ್ತಿ ಯಾರಲ್ಲಿಯೇ ನೆಲೆಸಿದೆಯೋ ಅವನು ಸ್ವತಂತ್ರ. ವೈಯಾಕರಣರು ಕಾರಕಗಳನ್ನು ನಿರೂಪಿಸುವಾಗ, ಕ್ರಿಯೆಯಲ್ಲಿ ಯಾರು ಸ್ವತಂತ್ರನೆಂದು ವಿವಕ್ಷಿತನೋ ಅವನನ್ನೇ ಕರ್ತೃವೆಂದೂ, ಕ್ರಿಯಾಸಿದ್ಧಿಗೆ ಅತ್ಯಂತ ಸಾಧಕವಾದುದನ್ನು ಕರಣವೆಂದೂ ಹೇಳಿದರು. ಬಡಗಿಯು ಕೊಡಲಿಯಿಂದ ಮರವನ್ನು ಕಡಿಯುತ್ತಾನೆ ಎಂಬಲ್ಲಿ ಬಡಗಿ ಕರ್ತೃ, ಕೊಡಲಿ ಕರಣ. ಕೊಡಲಿಯ ಕಾವು ಸಡಿಲವಾದರೆ ಅವನೇ ಬಿಗಿ ಮಾಡಿಕೊಳ್ಳುತ್ತಾನೆ. ಬಾಯಿ ಮೊಂಡಾದರೆ ಸಾಣೆ ಹಿಡಿಸುತ್ತಾನೆ. ನೆರೆಯವನು ಕೇಳಿದರೆ ಎರವಲು ಕೊಡುತ್ತಾನೆ. ಇವು ಯಾವುದಕ್ಕೂ ಕಮ್ಮಾರನ ಅಪ್ಪಣೆ ಬೇಕಿಲ್ಲ.

ಗಣಕಯಂತ್ರವನ್ನು ನಡೆಸುವ ಆದೇಶಗಳ ಸಮೂಹವಾದ ತಂತ್ರಾಂಶದಲ್ಲಿಯೂ ಬಳಸುವವನಿಗೆ ಇಂತಹುದೇ ಅಧಿಕಾರವಿರಬೇಕೆಂಬುದು ಸ್ವತಂತ್ರ ತಂತ್ರಾಂಶ ಚಳವಳಿಯ ಹೃದಯ. ಅಮೆರಿಕದ ಎಂ.ಐ.ಟಿ. ಸಂಸ್ಥೆಯ ಕೃತಕ ಬುದ್ಧಿ ಪ್ರಯೋಗಾಲಯದಲ್ಲಿದ್ದ ರಿಚರ್ಡ್ ಸ್ಟಾಲ್ಮನ್ ಅವರು ೧೯೮೩ರ ಸೆಪ್ಟೆಂಬರ್ ತಿಂಗಳಲ್ಲಿ ‘ಗ್ನೂ’ ಎಂಬ ಯೋಜನೆಯನ್ನು ಪ್ರಕಟಿಸಿದರು. ೧೯೮೫ರಲ್ಲಿ ‘ಫ್ರೀ ಸಾಫ್ಟ್‌ವೇರ್ ಫೌಂಡೇಶನ್’ ಸ್ಥಾಪಿತವಾಯಿತು. ೧೯೮೯ರಲ್ಲಿ ‘ಜಿ.ಪಿ.ಎಲ್.’ ಎಂಬ ಸಾರ್ವಜನಿಕ ಪರವಾನಗಿಯ ಮೊದಲ ಪಾಠ ಹೊರಬಂದಿತು. ೧೯೯೧ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿಯಾಗಿದ್ದ ಲೀನಸ್ ಟೊರ್ವಾಲ್ಡ್ಸ್ ಅವರು ಆರಂಭಿಸಿದ ‘ಲಿನಕ್ಸ್’ ಎಂಬ ತಿರುಳು ಮುಂದಿನ ವರ್ಷ ಇದೇ ಪರವಾನಗಿಯಡಿ ಬಂದಿತು. ಇಂದು ಕೋಟ್ಯಂತರ ಜನರ ಕೈಯಲ್ಲಿರುವ ಆಂಡ್ರಾಯ್ಡ್ ದೂರವಾಣಿಗಳೂ ಆ ತಿರುಳಿನ ಮೇಲೆಯೇ ನಿಂತಿವೆ.

ಈ ಪರಂಪರೆಯು ಬಳಕೆದಾರನಿಗೆ ನಾಲ್ಕು ಸ್ವಾತಂತ್ರ್ಯಗಳನ್ನು ವಿಧಿಸುತ್ತದೆ. ತಂತ್ರಾಂಶವನ್ನು ಯಾವ ಉದ್ದೇಶಕ್ಕಾದರೂ ನಡೆಸುವುದು ಮೊದಲನೆಯದು. ಅದರ ಆಕರವನ್ನು, ಎಂದರೆ ಮನುಷ್ಯರು ಓದಬಲ್ಲ ಮೂಲ ಬರಹವನ್ನು, ಅಭ್ಯಸಿಸಿ ತನಗೆ ಬೇಕಾದಂತೆ ತಿದ್ದಿಕೊಳ್ಳುವುದು ಎರಡನೆಯದು. ಪ್ರತಿಗಳನ್ನು ಮಾಡಿ ಇತರರಿಗೆ ಹಂಚುವುದು ಮೂರನೆಯದು. ತಾನು ತಿದ್ದಿದ ಪಾಠವನ್ನೂ ಹಂಚುವುದು ನಾಲ್ಕನೆಯದು. ಇಂಗ್ಲಿಷಿನ ‘ಫ್ರೀ’ ಎಂಬ ಶಬ್ದಕ್ಕೆ ಬಿಟ್ಟಿ ಎಂದೂ ಸ್ವತಂತ್ರ ಎಂದೂ ಎರಡರ್ಥಗಳಿರುವುದರಿಂದ ಆ ಭಾಷೆಯವರಿಗೆ ಇಲ್ಲಿ ನಿತ್ಯವೂ ಗೊಂದಲ. ನಮ್ಮ ಭಾಷೆಯಲ್ಲಿ ಎರಡಕ್ಕೂ ಬೇರೆಬೇರೆ ಶಬ್ದಗಳಿರುವುದು ನಮ್ಮ ಪುಣ್ಯ. ಬಿಟ್ಟಿಯಾಗಿ ದೊರೆತುದೆಲ್ಲ ಸ್ವತಂತ್ರವಲ್ಲ. ಸ್ವತಂತ್ರವಾದುದನ್ನು ಹಣಕ್ಕೆ ಮಾರಬಾರದೆಂಬ ನಿಷೇಧವೂ ಇಲ್ಲ.

ಅರ್ಧ ಕೈಯಲ್ಲಿ, ಅರ್ಧ ದೂರದಲ್ಲಿ

ಈ ನಾಲ್ಕು ಸ್ವಾತಂತ್ರ್ಯಗಳು ನಿರೂಪಿತವಾದ ಕಾಲದಲ್ಲಿ ಸಾಮಾನ್ಯವಾಗಿ ತಂತ್ರಾಂಶವೂ ಅದರ ಕೆಲಸವೂ ಬಳಸುವವನ ಯಂತ್ರದಲ್ಲಿಯೇ ನಡೆಯುತ್ತಿದ್ದವು. ಆದುದರಿಂದ ಆಕರವು ಕೈಗೆ ಬಂದರೆ ಕರ್ತೃತ್ವವೂ ಕೈಗೆ ಬಂದಂತೆಯೇ ಆಗುತ್ತಿತ್ತು. ಅಂತರಜಾಲವು ಪ್ರಬಲವಾದ ಮೇಲೆ ಆ್ಯಪ್ ಎಂಬುದು ಎರಡು ತುಂಡಾಯಿತು. ಒಂದು ತುಂಡು ನಮ್ಮ ದೂರವಾಣಿಯಲ್ಲಿ; ಇನ್ನೊಂದು ತುಂಡು ದೂರದ ಸರ್ವರಿನಲ್ಲಿ. ನಮ್ಮ ಕಡೆಯ ತುಂಡಿನ ಆಕರವನ್ನು ಪ್ರಕಟಿಸಿ, ಆ ಕಡೆಯ ತುಂಡನ್ನು ಮುಚ್ಚಿಟ್ಟರೆ, ನಾಲ್ಕು ಸ್ವಾತಂತ್ರ್ಯಗಳೂ ಕಾಗದದ ಮೇಲೆ ಪೂರ್ಣವಾಗಿಯೇ ಇರುತ್ತವೆ. ಆದರೆ ಕೆಲಸ ಸಾಗುವುದು ಬಿಡುವುದು ಅನ್ಯರ ಇಚ್ಛೆಗೆ ಸೇರಿರುತ್ತದೆ. ರೈತನಿಗೆ ಸ್ವಂತ ನೇಗಿಲಿದೆ, ಎತ್ತಿದೆ, ಬಿತ್ತನೆಯ ಬೀಜವಿದೆ. ಕಾಲುವೆಯ ತೂಬಿನ ಕೀಲಿ ಮಾತ್ರ ಬೇರೊಬ್ಬನ ಸೊಂಟದಲ್ಲಿದೆ ಎಂದಂತೆ.

ಸರ್ವರುಗಳು ಮಾಡುವ ಕೆಲಸಗಳೆಲ್ಲವೂ ಒಂದೇ ಬಗೆಯವಲ್ಲ. ಈ ಭೇದವನ್ನು ಗಮನಿಸದೆ ತೀರ್ಪು ಕೊಡುವುದು ಅನ್ಯಾಯವಾದೀತು. ಮೊದಲನೆಯದು ಸಾಗಣೆಯ ಕೆಲಸ: ಒಬ್ಬರ ಸಂದೇಶವನ್ನು ಇನ್ನೊಬ್ಬರಿಗೆ ತಲುಪಿಸುವುದು. ಎರಡನೆಯದು ಭಂಡಾರದ ಕೆಲಸ: ಪುಸ್ತಕ, ಚಿತ್ರ, ಭೂಪಟ ಮುಂತಾದುವನ್ನು ಸಂಗ್ರಹಿಸಿಟ್ಟು ಕೇಳಿದವರಿಗೆ ಕೊಡುವುದು. ಮೂರನೆಯದು ನಮ್ಮ ಕೆಲಸವನ್ನೇ ನಮ್ಮ ಪರವಾಗಿ ಮಾಡಿಕೊಡುವುದು: ನಮ್ಮ ಬರಹವನ್ನು ಅನುವಾದಿಸುವುದು, ನಮ್ಮ ಲೆಕ್ಕವನ್ನು ಹಾಕುವುದು, ನಮ್ಮ ಕಡತವನ್ನು ತಿದ್ದುವುದು. ಮೊದಲ ಎರಡರಲ್ಲಿ ಎರಡನೆಯ ವ್ಯಕ್ತಿಯೊಬ್ಬನ ಅಗತ್ಯ ಸ್ವಭಾವಸಿದ್ಧ. ಪತ್ರಕ್ಕೆ ಅಂಚೆಯವನು ಬೇಕೇ ಬೇಕು, ಗ್ರಂಥಕ್ಕೆ ಭಂಡಾರ ಬೇಕೇ ಬೇಕು. ಮೂರನೆಯದು ಹಾಗಲ್ಲ. ನಮ್ಮ ಯಂತ್ರದಲ್ಲಿಯೇ ಆಗಬಹುದಾದ ಕೆಲಸವನ್ನು ಅನ್ಯರ ಯಂತ್ರಕ್ಕೆ ಒಪ್ಪಿಸಿದಾಗ ಕರ್ತೃತ್ವವೇ ಸ್ಥಾನಾಂತರ ಹೊಂದುತ್ತದೆ. ಅಲ್ಲಿ ನಾವು ಕರ್ತೃವೂ ಅಲ್ಲ. ಆಜ್ಞಾಪಿಸಿ ಮಾಡಿಸುವ ಪ್ರಯೋಜಕರೂ ಅಲ್ಲ, ಏಕೆಂದರೆ ಆಜ್ಞೆಯನ್ನು ನಿರಾಕರಿಸುವ ಅಧಿಕಾರ ಆ ಕಡೆಗಿದೆ. ನಾವು ಬರಿಯ ಯಾಚಕರು. ಸ್ಟಾಲ್ಮನ್ ಅವರು ೨೦೧೦ರಲ್ಲಿ ಈ ವಿಷಯವಾಗಿ ಬರೆದ ಪ್ರಬಂಧದಲ್ಲಿ ಬಲವಾಗಿ ಆಕ್ಷೇಪಿಸಿದುದು ಈ ಮೂರನೆಯ ಬಗೆಯನ್ನೇ.

ಪೂರ್ವಪಕ್ಷ

ಆಶ್ರಯಿಸಿದರೆ ತಪ್ಪೇನೆಂದು ಕೇಳುವವರ ವಾದಗಳೂ ಉಪೇಕ್ಷಣೀಯವಲ್ಲ. ಅವರು ಹೇಳುವುದು ಮುಖ್ಯವಾಗಿ ಮೂರು ಮಾತು.

ಒಂದು: ಸರ್ವರ್ ಎಂಬುದು ಅದರ ಒಡೆಯನ ಯಂತ್ರ. ಅವನ ಯಂತ್ರದಲ್ಲಿ ಯಾವ ತಂತ್ರಾಂಶ ನಡೆಯಬೇಕೆಂಬುದು ಅವನ ಸ್ವಾತಂತ್ರ್ಯ. ನೆರೆಯವನ ಗಿರಣಿಯಲ್ಲಿ ಹಿಟ್ಟು ಬೀಸಿಸಿಕೊಂಡ ಮಾತ್ರಕ್ಕೆ ಗಿರಣಿಯ ಒಳಗನ್ನು ಬಿಚ್ಚಿ ತೋರಿಸೆಂದು ಕೇಳುವ ಹಕ್ಕು ನಮಗೆ ಬರುವುದಿಲ್ಲ.

ಎರಡು: ಜನರು ಎಲ್ಲಿರುವರೋ ಅಲ್ಲಿಗೇ ಹೋಗಬೇಕು. ಬಂಧುಮಿತ್ರರೆಲ್ಲ ಒಂದು ಸೇವೆಯಲ್ಲಿರುವಾಗ, ಒಬ್ಬನೇ ಬೇರೆಡೆಗೆ ಹೋಗಿ ಯಾರೊಡನೆ ಮಾತನಾಡಬೇಕು? ಒಡೆತನದ ಸರ್ವರಿಗೆ ಒಡೆತನದ ಆ್ಯಪ್‌ನಿಂದ ಹೋಗುವುದಕ್ಕಿಂತ ಸ್ವತಂತ್ರ ಆ್ಯಪ್‌ನಿಂದ ಹೋಗುವುದು ಮೇಲಲ್ಲವೆ? ಕಡೆಯ ಪಕ್ಷ ನಮ್ಮ ದೂರವಾಣಿಯ ಒಳಗಾದರೂ ಗೂಢಚರ್ಯೆ ತಪ್ಪುತ್ತದೆ.

ಮೂರು: ಗ್ನೂ ಯೋಜನೆಯೇ ಆರಂಭದಲ್ಲಿ ಒಡೆತನದ ಯೂನಿಕ್ಸ್ ವ್ಯವಸ್ಥೆಗಳ ಮೇಲೆ ಬೆಳೆಯಿತು. ಅಂದು ಆ ಆಶ್ರಯವನ್ನು ನಿಷಿದ್ಧವೆಂದು ಎಣಿಸಿದ್ದರೆ ಇಂದಿನ ಸ್ವತಂತ್ರ ತಂತ್ರಾಂಶವೇ ಇರುತ್ತಿರಲಿಲ್ಲ. ಹೀಗಿರಲು ಇಂದಿನವರಿಗೆ ಮಾತ್ರ ಈ ಮಡಿ ಏಕೆ?

ಈ ಮೂರನೆಯ ಮಾತೇ ಎಲ್ಲಕ್ಕಿಂತ ಗಟ್ಟಿಯಾದುದು. ಇದಕ್ಕೆ ಸಮಾಧಾನವನ್ನು ತರ್ಕದಿಂದ ಹೇಳುವುದಕ್ಕಿಂತ ನಡೆದ ಸಂಗತಿಗಳಿಂದ ಹೇಳುವುದು ಉಚಿತ.

ನಡೆದ ಸಂಗತಿಗಳು

ಅಮೆರಿಕದ ಎ.ಓ.ಎಲ್. ಸಂಸ್ಥೆಯು ೧೯೯೭ರಲ್ಲಿ ‘ಎಯಿಮ್’ ಎಂಬ ತತ್‌ಕ್ಷಣ ಸಂದೇಶ ಸೇವೆಯನ್ನು ಆರಂಭಿಸಿತು. ಆ ಸೇವೆಯ ಸರ್ವರುಗಳಿಗೆ ಸೇರಿಕೊಳ್ಳಬಲ್ಲ ‘ಗೇಮ್’ ಎಂಬ ಸ್ವತಂತ್ರ ತಂತ್ರಾಂಶವೊಂದು ಬೇಗನೆ ಹುಟ್ಟಿತು. ಹೆಸರಿನ ಹೋಲಿಕೆಯ ಬಗೆಗೆ ಎದ್ದ ತಕರಾರಿನಿಂದಾಗಿ ೨೦೦೭ರಲ್ಲಿ ಅದು ‘ಪಿಜಿನ್’ ಎಂದು ಹೆಸರು ಬದಲಿಸಿಕೊಳ್ಳಬೇಕಾಯಿತು. ಕೊನೆಗೆ ೨೦೧೭ರ ಡಿಸೆಂಬರ್ ೧೫ರಂದು ಎಯಿಮ್ ಸೇವೆಯೇ ನಿಂತುಹೋಯಿತು. ಪಿಜಿನ್‌ನ ಆಕರವೆಲ್ಲ ಅಂದಿಗೂ ಸ್ವತಂತ್ರವಾಗಿಯೇ ಇತ್ತು. ಆದರೆ ಎಯಿಮ್‌ಗೆ ಸಂಬಂಧಿಸಿದ ಭಾಗವು ಊರಿಲ್ಲದ ದಾರಿಯಂತಾಯಿತು. ಅದೇ ಪಿಜಿನ್, ‘ಎಕ್ಸ್.ಎಂ.ಪಿ.ಪಿ.’ ಎಂಬ ಸಾರ್ವಜನಿಕ ಸಂವಹನ ನಿಯಮವನ್ನು ಅನುಸರಿಸುವ ಸರ್ವರುಗಳೊಡನೆ ಇಂದಿಗೂ ಕೆಲಸಮಾಡುತ್ತದೆ. ತಂತ್ರಾಂಶ ಒಂದೇ, ಆಶ್ರಯದ ಭೇದದಿಂದ ಫಲಭೇದ.

ಸಾರ್ವಜನಿಕ ನಿಯಮವನ್ನು ಅನುಸರಿಸಿದ ಮಾತ್ರಕ್ಕೆ ಭಯವಿಲ್ಲವೆಂದೂ ತಿಳಿಯಬೇಕಾಗಿಲ್ಲ. ೨೦೦೫ರಲ್ಲಿ ಬಂದ ‘ಗೂಗಲ್ ಟಾಕ್’ ಇದೇ ಎಕ್ಸ್.ಎಂ.ಪಿ.ಪಿ. ನಿಯಮವನ್ನು ಸ್ವೀಕರಿಸಿ, ೨೦೦೬ರಲ್ಲಿ ಬೇರೆ ಸಂಸ್ಥೆಗಳ ಸರ್ವರುಗಳೊಡನೆ ಸಂಪರ್ಕವನ್ನೂ ತೆರೆಯಿತು. ಸ್ವತಂತ್ರ ತಂತ್ರಾಂಶದವರು ಹರ್ಷಪಟ್ಟರು. ೨೦೧೩ರಲ್ಲಿ ‘ಹ್ಯಾಂಗ್‌ಔಟ್ಸ್’ ಎಂಬ ಹೊಸ ಸೇವೆಯನ್ನು ತಂದಾಗ ಆ ಪರಸ್ಪರ ಸಂಪರ್ಕವನ್ನು ಸಂಸ್ಥೆ ಕೈಬಿಟ್ಟಿತು. ದೊಡ್ಡ ಊರಿನವರು ಸೇತುವೆಯ ತಮ್ಮ ಕಡೆಯ ತುದಿಯನ್ನು ಕಿತ್ತುಕೊಂಡಾಗ ಈ ದಡದಲ್ಲಿ ಉಳಿದ ಸಣ್ಣ ಊರುಗಳವರು ನೋಡುತ್ತ ನಿಲ್ಲಬೇಕಾಯಿತು.

೨೦೨೩ರಲ್ಲಿ ಇಂತಹ ಎರಡು ಘಟನೆಗಳು ನಡೆದುವು. ಜನವರಿಯಲ್ಲಿ ಟ್ವಿಟರ್ ಸಂಸ್ಥೆಯು, ತನ್ನ ಸೇವೆಯನ್ನು ಬಳಸುತ್ತಿದ್ದ ಹೊರಗಿನವರ ಆ್ಯಪ್‌ಗಳನ್ನು ಪೂರ್ವಸೂಚನೆಯಿಲ್ಲದೆ ಕಡಿದುಹಾಕಿ, ಅನಂತರ ನಿಯಮವನ್ನು ತಿದ್ದಿತು. ಜುಲೈ ೧ರಿಂದ ರೆಡ್ಡಿಟ್ ಎಂಬ ಚರ್ಚಾಸೇವೆಯು ಹೊರಗಿನ ಆ್ಯಪ್‌ಗಳ ಪ್ರತಿ ಸಾವಿರ ಕೋರಿಕೆಗೆ ೨೪ ಸೆಂಟ್‌ಗಳ ದರ ವಿಧಿಸಿತು. ಹಲವು ಆ್ಯಪ್‌ಗಳು ಬಾಗಿಲು ಮುಚ್ಚಿದುವು. ‘ರೆಡ್‌ರೀಡರ್’ ಎಂಬ ಸ್ವತಂತ್ರ ಆ್ಯಪ್ ಮಾತ್ರ ಉಳಿಯಿತು. ದೃಷ್ಟಿದೋಷವುಳ್ಳವರಿಗೆ ಅನುಕೂಲವಾಗಿದ್ದುದರಿಂದ ಸಂಸ್ಥೆ ಅದಕ್ಕೆ ವಿನಾಯಿತಿ ನೀಡಿತ್ತು. ಉಳಿದುದು ಸಂತೋಷವೇ, ಆದರೆ ಅದು ಉಳಿದದ್ದು ತನ್ನ ಸ್ವಾತಂತ್ರ್ಯದ ಬಲದಿಂದಲ್ಲ, ಅನ್ಯರ ಅನುಗ್ರಹದಿಂದ.

ಈಗ ಪೂರ್ವಪಕ್ಷದ ಮೂರನೆಯ ಮಾತಿಗೆ ಬರೋಣ. ಲಿನಕ್ಸ್ ತಿರುಳನ್ನು ಬೆಳೆಸುತ್ತಿದ್ದವರು ೨೦೦೨ರಿಂದ ತಮ್ಮ ಆಕರದ ಪಾಠಾಂತರಗಳನ್ನು ಕಾಪಿಡಲು ‘ಬಿಟ್‌ಕೀಪರ್’ ಎಂಬ ಒಡೆತನದ ಸಾಧನವನ್ನು ಬಳಸುತ್ತಿದ್ದರು. ಬೆಲೆಯಿಲ್ಲದೆ ಬಳಸಲು ಕೊಟ್ಟಿದ್ದ ಅನುಮತಿಯನ್ನು ಅದರ ಒಡೆಯರು ೨೦೦೫ರಲ್ಲಿ ಹಿಂತೆಗೆದುಕೊಂಡರು. ಆ ಏಪ್ರಿಲ್ ತಿಂಗಳಲ್ಲಿಯೇ ಟೊರ್ವಾಲ್ಡ್ಸ್ ಅವರು ‘ಗಿಟ್’ ಎಂಬ ಸ್ವತಂತ್ರ ಸಾಧನವನ್ನು ಬರೆಯಲು ತೊಡಗಿ, ಜೂನ್ ವೇಳೆಗೆ ತಿರುಳಿನ ಮುಂದಿನ ಪಾಠವನ್ನು ಅದರ ನೆರವಿನಿಂದಲೇ ಹೊರತಂದರು. ಯೂನಿಕ್ಸ್‌ನ ಮೇಲೆ ಬೆಳೆದ ಗ್ನೂವಿಗೂ ಬಿಟ್‌ಕೀಪರನ್ನು ನೆಚ್ಚಿದ ಲಿನಕ್ಸ್‌ಗೂ ಇರುವ ಅಂತರ ಇಲ್ಲಿ ಸ್ಪಷ್ಟವಾಗುತ್ತದೆ. ಗ್ನೂ ಯೋಜನೆಯವರು ಯೂನಿಕ್ಸನ್ನು ಬಳಸಿದುದು ಅದರ ಸ್ಥಾನದಲ್ಲಿ ಬೇರೊಂದನ್ನು ನಿಲ್ಲಿಸುವುದಕ್ಕಾಗಿಯೇ. ಒಂದೊಂದು ಉಪಕರಣ ಸಿದ್ಧವಾದಂತೆ ಪರಾವಲಂಬನೆ ಒಂದೊಂದು ಅಂಗುಲ ಕಡಮೆಯಾಗುತ್ತಿತ್ತು. ಇನ್ನೊಂದು ಕಡೆ ಆಶ್ರಯವೇ ನೆಲೆಯಾಗಿಬಿಟ್ಟಿತ್ತು. ಬದಲಿಯನ್ನು ಹುಡುಕಿದುದು ಬಾಗಿಲು ಮುಚ್ಚಿದ ಮೇಲೆ. ಅಟ್ಟವನ್ನು ಹತ್ತಲು ಎರವಲು ಏಣಿ ತರಬಹುದು; ಏಣಿಯ ಮೇಲೆಯೇ ಮನೆ ಕಟ್ಟಬಾರದು.

ಈ ಕಥೆಗೆ ಒಂದು ಉತ್ತರಭಾಗವಿದೆ. ಗಿಟ್‌ನ ವೈಶಿಷ್ಟ್ಯವೆಂದರೆ ಪ್ರತಿಯೊಬ್ಬನ ಯಂತ್ರದಲ್ಲಿಯೂ ಆಕರದ ಸಂಪೂರ್ಣ ಇತಿಹಾಸವಿರುವುದು. ಅದಕ್ಕೆ ಕೇಂದ್ರ ಸರ್ವರ್ ಅನಿವಾರ್ಯವಲ್ಲ. ಆದರೂ ೨೦೦೮ರಲ್ಲಿ ಆರಂಭವಾದ ‘ಗಿಟ್‌ಹಬ್’ ಎಂಬ ಒಡೆತನದ ಸೇವೆಯಲ್ಲಿ ಲೋಕದ ಸ್ವತಂತ್ರ ತಂತ್ರಾಂಶದ ಬಹುಭಾಗ ಬಂದು ಸೇರಿತು. ೨೦೧೮ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಅದನ್ನು ೭೫೦ ಕೋಟಿ ಡಾಲರುಗಳಿಗೆ ಕೊಂಡಿತು. ೨೦೧೯ರ ಜುಲೈಯಲ್ಲಿ ಅಮೆರಿಕದ ವ್ಯಾಪಾರ ನಿರ್ಬಂಧಗಳ ಕಾರಣದಿಂದ ಇರಾನ್, ಸಿರಿಯಾ, ಕ್ರಿಮಿಯಾಗಳಲ್ಲಿದ್ದ ತಂತ್ರಾಂಶಕಾರರ ಖಾತೆಗಳಿಗೆ ನಿರ್ಬಂಧ ಬಿದ್ದಿತು. ಇರಾನಿನವರಿಗೆ ಪೂರ್ಣ ಪ್ರವೇಶ ಮರಳಿ ಒದಗಿದುದು ೨೦೨೧ರ ಜನವರಿಯಲ್ಲಿ, ಅಮೆರಿಕ ಸರ್ಕಾರದಿಂದ ವಿಶೇಷ ಅನುಮತಿ ದೊರೆತ ಮೇಲೆ. ಆ ನಡುವೆ ತಮ್ಮ ಯಂತ್ರದಲ್ಲಿ ಪ್ರತಿ ಇಟ್ಟುಕೊಂಡವರಿಗೆ ಆಕರ ನಷ್ಟವಾಗಲಿಲ್ಲ. ಸರ್ವರಿನಲ್ಲಿ ಮಾತ್ರ ಇದ್ದುದು ಬಾಗಿಲ ಆಚೆ ಉಳಿಯಿತು.

ಕನ್ನಡದ ನಿದರ್ಶನ

ಇದೆಲ್ಲ ದೂರದೇಶದ ಮಾತೆಂದು ಭಾವಿಸಬೇಕಾಗಿಲ್ಲ. ಗೂಗಲ್‌ನ ಅನುವಾದ ಸೇವೆಗೆ ಕನ್ನಡವು ಸೇರಿದುದು ೨೦೧೧ರ ಜೂನ್ ತಿಂಗಳಲ್ಲಿ. ಬೇರೆ ತಂತ್ರಾಂಶಗಳು ಆ ಸೇವೆಯನ್ನು ಬೆಲೆಯಿಲ್ಲದೆ ಕರೆದುಕೊಳ್ಳಲು ಇದ್ದ ದ್ವಾರವನ್ನು ಮುಚ್ಚುವುದಾಗಿ ಸಂಸ್ಥೆ ಪ್ರಕಟಿಸಿದುದು ಅದಕ್ಕೆ ಹಿಂದಿನ ತಿಂಗಳು. ಮುಚ್ಚಲು ಗೊತ್ತುಮಾಡಿದುದು ಅದೇ ವರ್ಷದ ಡಿಸೆಂಬರ್ ೧. ಅನಂತರ ಉಳಿದುದು ಹಣ ತೆತ್ತು ಪಡೆಯುವ ದ್ವಾರ. ಕನ್ನಡವು ಅತಿಥಿಯಾಗಿ ಒಳಗೆ ಬರುವ ಹೊತ್ತಿಗೆ ಛತ್ರದ ನಿಯಮ ಬದಲಾಗಿತ್ತು.

೨೦೦೩ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವು ಇನ್ನೊಂದು ಬಗೆಯ ಪಾಠವನ್ನು ಹೇಳುತ್ತದೆ. ವಿಕಿಪೀಡಿಯದ ಅನುವಾದ ಸಾಧನವು ಸ್ವತಂತ್ರ ತಂತ್ರಾಂಶ. ಅದು ೨೦೧೯ರಿಂದ ಗೂಗಲ್‌ನ ಸರ್ವರುಗಳಿಂದಲೂ ಅನುವಾದವನ್ನು ಪಡೆಯತೊಡಗಿತು. ಆಗ ವಿಕಿಮೀಡಿಯ ಪ್ರತಿಷ್ಠಾನದವರು ಎರಡು ಎಚ್ಚರಗಳನ್ನು ವಹಿಸಿದರು: ಬಳಕೆದಾರನ ವೈಯಕ್ತಿಕ ವಿವರಗಳು ಆ ಕಡೆಗೆ ಹೋಗಬಾರದು, ಬಂದ ಅನುವಾದವು ವಿಕಿಪೀಡಿಯದ ಮುಕ್ತ ಪರವಾನಗಿಗೆ ಅಡ್ಡಿಯಾಗಬಾರದು. ಅಷ್ಟಕ್ಕೇ ತೃಪ್ತರಾಗದೆ ೨೦೨೩ರಲ್ಲಿ ‘ಮಿಂಟ್’ ಎಂಬ ತಮ್ಮದೇ ಅನುವಾದ ಸೇವೆಯನ್ನು ತಮ್ಮದೇ ಸರ್ವರುಗಳಲ್ಲಿ ನೆಲೆಗೊಳಿಸಿದರು. ಆ ಸೇವೆಯು ಬಳಸಿಕೊಳ್ಳುವ ಅನುವಾದ ಯಂತ್ರಗಳಲ್ಲಿ, ಮದರಾಸಿನ ಐ.ಐ.ಟಿ.ಯ ‘ಎ.ಐ.೪ಭಾರತ್’ ತಂಡವು ಕನ್ನಡವೂ ಸೇರಿದಂತೆ ಸಂವಿಧಾನದ ಎಂಟನೆಯ ಅನುಸೂಚಿಯ ೨೨ ಭಾಷೆಗಳಿಗಾಗಿ ಸಿದ್ಧಪಡಿಸಿ ಆಕರಸಹಿತ ಪ್ರಕಟಿಸಿದ ‘ಇಂಡಿಕ್‌ಟ್ರಾನ್ಸ್೨’ ಎಂಬುದೂ ಒಂದು. ಮುದ್ರಿತ ಪುಟವನ್ನು ಓದಿ ಅಕ್ಷರಕ್ಕಿಳಿಸುವ ಕೆಲಸದಲ್ಲಿಯೂ ವಿಕಿಮೀಡಿಯದ ಸಾಧನವು ಗೂಗಲ್‌ನ ಯಂತ್ರದ ಜೊತೆಗೆ ‘ಟೆಸೆರ‍್ಯಾಕ್ಟ್’ ಎಂಬ ಸ್ವತಂತ್ರ ಯಂತ್ರವನ್ನೂ ಇರಿಸಿದೆ. ಏಣಿಯನ್ನು ಎರವಲು ತಂದು, ಮೆಟ್ಟಿಲನ್ನು ಕಟ್ಟಿಸುವ ಕ್ರಮವೆಂದರೆ ಇದೇ.

ನಮ್ಮ ಅನುಭವಕ್ಕೆ ಇನ್ನೂ ಹತ್ತಿರವಾದ ಸಂಗತಿಯೊಂದುಂಟು. ಯೂನಿಕೋಡ್ ಎಂಬ ಜಾಗತಿಕ ಅಕ್ಷರಸಂಕೇತ ಕನ್ನಡದಲ್ಲಿ ನೆಲೆಗೊಳ್ಳುವ ಮುನ್ನ ನಮ್ಮ ಬರಹಗಳೆಲ್ಲ ಒಂದೊಂದು ಅಕ್ಷರಮಾದರಿಗೆ ಕಟ್ಟುಬಿದ್ದಿದ್ದುವು. ಆ ಮಾದರಿಯಿಲ್ಲದ ಯಂತ್ರದಲ್ಲಿ ತೆರೆದರೆ ಗ್ರಂಥವೆಲ್ಲ ಅರ್ಥವಿಲ್ಲದ ಚಿಹ್ನೆಗಳ ರಾಶಿ. ಆದರೂ ಅವು ನಷ್ಟವಾಗಲಿಲ್ಲ. ಪರಿವರ್ತಕಗಳನ್ನು ಬರೆದು ಹಳೆಯ ಕಡತಗಳನ್ನು ಯೂನಿಕೋಡಿಗೆ ತಂದುಕೊಳ್ಳುವುದು ಸಾಧ್ಯವಾಯಿತು. ಏಕೆ? ಸಂಕೇತ ಕೆಟ್ಟದಾಗಿದ್ದರೂ ಕಡತ ನಮ್ಮ ಕೈಯಲ್ಲಿತ್ತು. ಅವೇ ಬರಹಗಳು ಯಾರದೋ ಸರ್ವರಿನಲ್ಲಿದ್ದು, ಆ ಸೇವೆ ನಿಂತುಹೋಗಿದ್ದರೆ, ಪರಿವರ್ತಿಸುವುದಕ್ಕೆ ವಸ್ತುವೇ ಇರುತ್ತಿರಲಿಲ್ಲ.

ಸಿದ್ಧಾಂತ

ಹಾಗಾದರೆ ಸರ್ವರಿನ ಆಕರವನ್ನೂ ಪ್ರಕಟಿಸಿದರೆ ಸಾಕೆ ಎಂಬ ಶಂಕೆ ಹುಟ್ಟುವುದು ಸಹಜ. ಸಾಮಾನ್ಯ ಜಿ.ಪಿ.ಎಲ್. ಪರವಾನಗಿಯು ತಂತ್ರಾಂಶವನ್ನು ಹಂಚುವವನನ್ನು ಮಾತ್ರ ಬಂಧಿಸುತ್ತದೆ; ತನ್ನ ಸರ್ವರಿನಲ್ಲಿ ನಡೆಸುವವನು ಹಂಚುತ್ತಿಲ್ಲವಾದುದರಿಂದ ತಾನು ಮಾಡಿದ ತಿದ್ದುಪಡಿಗಳನ್ನು ಮುಚ್ಚಿಡಬಹುದು. ಈ ಬಿರುಕನ್ನು ಮುಚ್ಚಲು ೨೦೦೭ರಲ್ಲಿ ‘ಅಫೆರೊ’ ಎಂಬ ವಿಶೇಷಣದ ಜಿ.ಪಿ.ಎಲ್. ಪರವಾನಗಿ ಬಂದಿತು. ಅದರಂತೆ, ತಂತ್ರಾಂಶವನ್ನು ತಿದ್ದಿ ಜಾಲದ ಮೂಲಕ ಜನರ ಬಳಕೆಗೆ ಇಟ್ಟವನು ಆ ತಿದ್ದಿದ ಆಕರವನ್ನು ಬಳಕೆದಾರರಿಗೆ ಒದಗಿಸಲೇಬೇಕು. ಇದು ಅವಶ್ಯಕವಾದ ಹೆಜ್ಜೆ, ಆದರೆ ಪರ್ಯಾಪ್ತವಲ್ಲ. ‘ಸಿಗ್ನಲ್’ ಎಂಬ ಸಂದೇಶ ಸೇವೆಯ ಆ್ಯಪ್, ಸರ್ವರ್ ಎರಡರ ಆಕರವೂ ಸ್ವತಂತ್ರ. ಆದರೂ ೨೦೨೦ರ ಏಪ್ರಿಲ್‌ನಿಂದ ಸುಮಾರು ಒಂದು ವರ್ಷ ಕಾಲ ಸರ್ವರಿನ ಪ್ರಕಟಿತ ಆಕರ ಹಳೆಯದಾಗಿಯೇ ಉಳಿದಿತ್ತು. ಅದರ ಸರ್ವರ್ ಬೇರೆಯವರ ಸರ್ವರುಗಳೊಡನೆ ಕೂಡಿಕೊಳ್ಳುವುದೂ ಇಲ್ಲ. ‘ಜಿಟ್ಸಿ ಮೀಟ್’ ಎಂಬುದು ದೂರಸಭೆಗಳಿಗೆ ಒದಗುವ ಸ್ವತಂತ್ರ ತಂತ್ರಾಂಶ. ೨೦೨೩ರ ಆಗಸ್ಟಿನಿಂದ ಅದರ ಸಾರ್ವಜನಿಕ ಸರ್ವರಿನಲ್ಲಿ ಸಭೆ ಕರೆಯುವವರು ಗೂಗಲ್, ಫೇಸ್‌ಬುಕ್ ಅಥವಾ ಗಿಟ್‌ಹಬ್ ಖಾತೆಯ ಮೂಲಕ ಗುರುತು ತೋರಿಸಬೇಕೆಂಬ ನಿಯಮ ಬಂದಿತು. ಆದರೆ ಇಲ್ಲಿ ಪರಿಹಾರವಿದೆ: ಒಲ್ಲದವರು ಅದೇ ತಂತ್ರಾಂಶವನ್ನು ತಮ್ಮ ಸರ್ವರಿನಲ್ಲಿ ಸ್ಥಾಪಿಸಿಕೊಳ್ಳಬಹುದು.

ಆದುದರಿಂದ ನಿರ್ಣಾಯಕವಾದುದು ಸರ್ವರ್ ಯಾರದು ಎಂಬುದೊಂದೇ ಅಲ್ಲ; ಆ ಸರ್ವರನ್ನು ಬಿಟ್ಟು ಹೊರಡಬೇಕಾದಾಗ ನಾವು ಕೈಯಲ್ಲಿ ಏನನ್ನು ಹಿಡಿದುಕೊಂಡು, ಎಲ್ಲಿಗೆ ಹೋಗಬಲ್ಲೆವು ಎಂಬುದು. ಮಿಂಚಂಚೆಯಲ್ಲಿ ಇದು ಮೊದಲಿನಿಂದಲೂ ಸಿದ್ಧವಾಗಿದೆ. ಒಂದು ಸಂಸ್ಥೆಯ ಅಂಚೆಯಿಂದ ಇನ್ನೊಂದು ಸಂಸ್ಥೆಯ ಅಂಚೆಗೆ ಪತ್ರ ಹೋಗುತ್ತದೆ. ‘ಮ್ಯಾಸ್ಟಡಾನ್’, ‘ಮ್ಯಾಟ್ರಿಕ್ಸ್’ ಮೊದಲಾದವುಗಳಲ್ಲಿಯೂ ಹಲವು ಸರ್ವರುಗಳು ಸಮಾನ ನಿಯಮದಿಂದ ಪರಸ್ಪರ ವ್ಯವಹರಿಸುತ್ತವೆ. ಅಲ್ಲಿ ಒಬ್ಬ ಒಡೆಯನು ಮುನಿದರೆ ಇನ್ನೊಂದು ಊರಿದೆ.

ಪೂರ್ವಪಕ್ಷದ ಮೊದಲ ಮಾತಿಗೆ ಉತ್ತರವೂ ಇಲ್ಲಿಯೇ ಇದೆ. ಗಿರಣಿಯ ಒಡೆಯನ ಸ್ವಾತಂತ್ರ್ಯವನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಊರಿನ ಒರಳು, ಬೀಸುಕಲ್ಲುಗಳನ್ನೆಲ್ಲ ಎಸೆದು ಒಂದೇ ಗಿರಣಿಯನ್ನು ನೆಚ್ಚಿ ಕುಳಿತರೆ, ಆ ನೆಚ್ಚಿಕೆಯ ಹೊಣೆ ನಮ್ಮದು. ಎರಡನೆಯ ಮಾತಿಗೆ, ಎಂದರೆ ಜನರಿರುವಲ್ಲಿಗೆ ಹೋಗಬೇಕೆಂಬುದಕ್ಕೆ, ‘ಎಫ್-ಡ್ರಾಯ್ಡ್’ ಎಂಬ ಸ್ವತಂತ್ರ ಆ್ಯಪ್‌ಗಳ ಭಂಡಾರವು ೨೦೧೦ರಿಂದ ನಡೆದುಕೊಂಡು ಬಂದಿರುವ ರೀತಿಯೇ ಸಮಾಧಾನ. ಒಡೆತನದ ಸರ್ವರನ್ನು ಆಶ್ರಯಿಸಿದ ಆ್ಯಪನ್ನು ಅಲ್ಲಿ ಬಹಿಷ್ಕರಿಸುವುದಿಲ್ಲ. ಆದರೆ ‘ಇದು ಸ್ವತಂತ್ರವಲ್ಲದ ಜಾಲಸೇವೆಯನ್ನು ಅವಲಂಬಿಸಿದೆ’ ಎಂಬ ಅರ್ಥದ ಸೂಚನೆಯನ್ನು ಎಲ್ಲರಿಗೂ ಕಾಣುವಂತೆ ಲಗತ್ತಿಸುತ್ತಾರೆ. ಬಳಸುವುದು ಬಿಡುವುದು ಬಳಕೆದಾರನ ವಿವೇಕ. ತಿಳಿಸುವುದು ಕೊಡುವವನ ಧರ್ಮ.

ಹೀಗೆ ನೋಡಿದಾಗ ನನಗೆ ತೋರುವ ಸಿದ್ಧಾಂತವಿದು: ಸ್ವತಂತ್ರ ತಂತ್ರಾಂಶವು ಒಡೆತನದ ಸರ್ವರನ್ನು ಆಶ್ರಯಿಸುವುದು ಆಪದ್ಧರ್ಮವಾಗಿ ಸಲ್ಲುವುದು, ನಿತ್ಯಧರ್ಮವಾಗಿ ಸಲ್ಲದು. ಆಶ್ರಯಿಸಿದುದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಆ ಆಶ್ರಯವಿಲ್ಲದೆಯೂ ತಂತ್ರಾಂಶವು ಉಪಯುಕ್ತವಾಗಿ ಉಳಿಯುವಂತೆ ಅದನ್ನು ರಚಿಸಬೇಕು. ಬದಲಿ ನೆಲೆಗಾಗಿ ಪ್ರಯತ್ನ ನಡೆಯುತ್ತಿರಬೇಕು. ಸಾಗಣೆಗೂ ಭಂಡಾರಕ್ಕೂ ಸಲ್ಲುವ ಸಡಿಲಿಕೆ, ನಮ್ಮ ಸ್ವಂತ ಕೆಲಸವನ್ನು ಅನ್ಯರಿಗೆ ಒಪ್ಪಿಸುವಲ್ಲಿ ಸಲ್ಲದು.

ವಿದ್ಯಾಸಂಸ್ಥೆಗಳ ಕರ್ತವ್ಯ

ಈ ವಿಚಾರವು ನಮ್ಮಂತಹ ವಿದ್ಯಾಸಂಸ್ಥೆಗಳಿಗೆ ಬಹಳ ಹತ್ತಿರದ್ದು. ೨೦೨೦ರಲ್ಲಿ ಮಹಾಮಾರಿಯಿಂದ ಶಾಲೆಗಳು ಮುಚ್ಚಿದಾಗ ಬಹುತೇಕ ಅಧ್ಯಾಪಕರು ಕೈಗೆ ಸಿಕ್ಕಿದ ಸೇವೆಗಳನ್ನು ಬಳಸಿ ಪಾಠ ಮುಂದುವರಿಸಿದರು. ಅದು ಆಪತ್ತು, ಅಂದು ಮಾಡಿದುದು ಸಾಧುವೇ. ಆಪತ್ತು ಕಳೆದ ಮೇಲೂ ಅಂಕಪಟ್ಟಿ, ಹಾಜರಿ, ಮಕ್ಕಳ ಭಾವಚಿತ್ರ, ಪ್ರಶ್ನೆಪತ್ರಿಕೆಗಳೆಲ್ಲ ಅಲ್ಲಿಯೇ ಉಳಿದರೆ ಅದು ಅಭ್ಯಾಸವಾಗುತ್ತದೆ. ಅನೇಕ ವಿದ್ಯಾಸಂಸ್ಥೆಗಳಿಗೆ ಮಿತಿಯಿಲ್ಲದ ಸಂಗ್ರಹವನ್ನು ಬೆಲೆಯಿಲ್ಲದೆ ಕೊಡುತ್ತಿದ್ದ ಗೂಗಲ್ ಸಂಸ್ಥೆಯು ೨೦೨೧ರಲ್ಲಿ ಆ ಕ್ರಮವನ್ನು ಬದಲಿಸಿ, ೨೦೨೨ರ ಜುಲೈಯಿಂದ ಒಂದು ಸಂಸ್ಥೆಗೆ ಒಟ್ಟು ೧೦೦ ಟೆರಾಬೈಟುಗಳ ಮಿತಿಯನ್ನು ಗೊತ್ತುಮಾಡಿದುದನ್ನು ನೆನೆಯಬೇಕು. ನಮ್ಮಂತಹ ಶಾಲೆಗೆ ಆ ಮಿತಿ ಧಾರಾಳವೇ ಇರಬಹುದು. ಆದರೆ ಕೊಟ್ಟವರ ಕೈ ಮೇಲೆಯೇ ಇರುತ್ತದೆಂಬುದು ಅದರಿಂದ ತಿಳಿಯುತ್ತದೆ.

ಮಾಡಬಹುದಾದುದು ಅಸಾಧ್ಯವಾದುದೇನಲ್ಲ. ದಾಖಲೆಗಳ ಒಂದು ಪ್ರತಿ ಸದಾ ಸಂಸ್ಥೆಯ ಯಂತ್ರದಲ್ಲಿಯೇ, ಯಾವ ತಂತ್ರಾಂಶವೂ ತೆರೆಯಬಲ್ಲ ರೂಪದಲ್ಲಿರಬೇಕು. ‘ಕಿವಿಕ್ಸ್’ ಎಂಬ ಸ್ವತಂತ್ರ ತಂತ್ರಾಂಶದಿಂದ ವಿಕಿಪೀಡಿಯವನ್ನು ಶಾಲೆಯ ಯಂತ್ರಕ್ಕೇ ಇಳಿಸಿಕೊಂಡರೆ ಅಂತರಜಾಲವಿಲ್ಲದ ದಿನವೂ ಮಕ್ಕಳು ಓದಬಹುದು. ಪಾಠಕ್ರಮಕ್ಕೆ ‘ಮೂಡಲ್’, ದೂರಪಾಠಕ್ಕೆ ‘ಬಿಗ್‌ಬ್ಲೂಬಟನ್’ ಮುಂತಾದವು ಸ್ವಂತ ಸರ್ವರಿನಲ್ಲಿ ನಡೆಯಬಲ್ಲವು. ನೆರೆಯ ಕೇರಳದ ಸರ್ಕಾರಿ ಶಾಲೆಗಳು ಸ್ವತಂತ್ರ ತಂತ್ರಾಂಶದ ಮೇಲೆಯೇ ಗಣಕಶಿಕ್ಷಣವನ್ನು ನಡೆಸಿಕೊಂಡು ಬಂದಿರುವುದು ಇದು ಕೇವಲ ಆದರ್ಶದ ಮಾತಲ್ಲವೆಂಬುದಕ್ಕೆ ಸಾಕ್ಷಿ.

ಆದರೆ ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳದಿದ್ದರೆ ವಿಚಾರ ಅಪೂರ್ಣವಾಗುತ್ತದೆ. ನೋಡಿಕೊಳ್ಳುವವರಿಲ್ಲದ ಸ್ವಂತ ಸರ್ವರು, ಚೆನ್ನಾಗಿ ನೋಡಿಕೊಂಡ ಪರರ ಸರ್ವರಿಗಿಂತ ಅಪಾಯಕರ. ಅದು ಕೆಟ್ಟರೆ ದಾಖಲೆ ಹೋಗುತ್ತದೆ. ಕನ್ನ ಬಿದ್ದರೆ ಮಕ್ಕಳ ವಿವರಗಳು ಬೀದಿಗೆ ಬರುತ್ತವೆ. ಒಂದೊಂದು ಶಾಲೆಯೂ ಒಂಟಿಯಾಗಿ ಈ ಭಾರವನ್ನು ಹೊರುವುದು ಕಷ್ಟ. ನಾಲ್ಕಾರು ಸಂಸ್ಥೆಗಳು ಕೂಡಿ ಒಂದು ಸರ್ವರನ್ನೂ ಅದನ್ನು ಬಲ್ಲ ಒಬ್ಬ ಯೋಗ್ಯ ವ್ಯಕ್ತಿಯನ್ನೂ ಇಟ್ಟುಕೊಳ್ಳುವುದು ಸಾಧ್ಯ. ದೇಶವಿದೇಶಗಳಲ್ಲಿ ಈ ವಿದ್ಯೆಯಲ್ಲಿಯೇ ಜೀವನ ನಡೆಸುತ್ತಿರುವ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೆ ಕೆಲವು ದಿನಗಳನ್ನು ಇದಕ್ಕಾಗಿ ಮೀಸಲಿಟ್ಟರೆ, ಅದು ಧನದಾನಕ್ಕಿಂತ ಕಡಮೆಯದಲ್ಲ.

ದಾನಿಗಳಲ್ಲಿಯೂ ಒಂದು ವಿಜ್ಞಾಪನೆ. ಗಣಕಯಂತ್ರಗಳನ್ನು ಕೊಡಿಸಿದಾಗ ಅವು ಕಣ್ಣಿಗೆ ಕಾಣುತ್ತವೆ. ಅವುಗಳನ್ನು ವರ್ಷವರ್ಷವೂ ಕಾಪಾಡುವ ಕೆಲಸ ಕಾಣುವುದಿಲ್ಲ. ಬಾವಿ ತೋಡಿಸಿದವರ ಹೆಸರು ಕಲ್ಲಿನ ಮೇಲಿರುತ್ತದೆ. ಹೂಳು ತೆಗೆಸಿದವರ ಹೆಸರನ್ನು ಯಾರೂ ಕೆತ್ತಿಸುವುದಿಲ್ಲ. ಆದರೂ ಊರು ಕುಡಿಯುವ ನೀರು ಈ ಎರಡನೆಯವರ ಋಣ. ಯಂತ್ರಕ್ಕಾಗಿ ಕೊಡುವ ಹಣದಲ್ಲಿ ಒಂದು ಪಾಲನ್ನು ಅದರ ಪಾಲನೆಗಾಗಿ ಗೊತ್ತುಮಾಡಿದರೆ, ಈ ಸಂಸ್ಥೆಯ ಮಕ್ಕಳ ಹೆಸರು, ಅಂಕ, ಬರಹಗಳು ಇನ್ನೊಬ್ಬರ ಬಾಗಿಲಲ್ಲಿ ಕಾಯದೆ ತಮ್ಮ ಶಾಲೆಯಲ್ಲಿಯೇ ಉಳಿಯುವುವು.